ಮುಲಾಮಿನ ಡಬ್ಬಿ

“ನಿಜ ಹೇಳಿ ಅತ್ತೆ, ನನ್ನ ಕಣ್ಣು ತಪ್ಪಿಸಿ ಇವಳಿಗೆ ಬ್ರೆಡ್ ಕೊಟ್ರಿ ಅಲ್ವಾ?” ಮಧ್ಯಾಹ್ನದ ಬಿಡುವಿನಲ್ಲಿ ಬೇಕರಿಯಿಂದ ಓಡಿಬಂದ ಸೊಸೆ, ಏಪ್ರನ್ನನ್ನೂ ಬಿಚ್ಚದೆ ಮಗಳ ತೋಳು ಹಿಡಿದುಕೊಂಡಿದ್ದಳು. ಮೊಣಕೈ ಸಂದಿಯ ಇಸುಬು ಮತ್ತೆ ಕೆಂಪಗೆ ಕೆರಳಿತ್ತು.

“ಒಂದು ಚೂರೂ ಕೊಟ್ಟಿಲ್ಲ ಕಣೇ. ಗೋಧಿ ಒಗ್ಗುತ್ತಿಲ್ವೇನೋ, ನಿಲ್ಲಿಸಿ ನೋಡಿ ಅಂತ ಡಾಕ್ಟರು ಹೇಳಿದ ದಿನದಿಂದ ನಾನೂ ಬ್ರೆಡ್ ಮುಟ್ಟಿಲ್ಲ.” ಅತ್ತೆ ಮೊಮ್ಮಗಳ ತಲೆ ಸವರಿದರು.

ಸೊಸೆ ನಂಬಲಿಲ್ಲ. ಬಿಡುವು ಬೇರೆ ಮುಗಿಯುತ್ತಾ ಬಂದಿತ್ತು. ದಡಬಡನೆ ಮುಲಾಮಿನ ಡಬ್ಬಿ ಎತ್ತಿಕೊಂಡಳು. ಮಗು ತಟ್ಟನೆ ತೋಳು ಹಿಂದಕ್ಕೆಳೆದುಕೊಂಡಿತು. “ನೀನು ಬೇಡಮ್ಮಾ, ಅಜ್ಜಿ ಹಚ್ಚಲಿ. ನೀನು ಹಚ್ಚಿದ್ರೆ ಇನ್ನೂ ಕಡಿಯುತ್ತೆ.”

“ಓಹೋ, ಇದನ್ನೂ ಹೇಳಿಕೊಟ್ಟಾಯ್ತಾ?” ಎನ್ನುತ್ತಾ ಅವಳು ಮುಚ್ಚಳ ತಿರುಗಿಸಿದಳು. ಅದು ಜಪ್ಪಯ್ಯ ಅಂದರೂ ಬರಲಿಲ್ಲ. ಅಂಚಿನ ಸುತ್ತ ಏನೋ ಬೆಳ್ಳಗೆ ಒಣಗಿ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದರೆ ಚಕ್ಕೆಚಕ್ಕೆಯಾಗಿ ಎದ್ದುಬಂತು. ದಿನವಿಡೀ ಅದನ್ನೇ ನಾದುವವಳಿಗೆ ಗುರುತು ಹತ್ತದಿರುತ್ತದೆಯೇ? ಹಿಟ್ಟು. ಅವಳ ಉಗುರುಸಂದಿಯಲ್ಲಿದ್ದದ್ದೂ ಅದೇ.

“ತಾ ಇಲ್ಲಿ, ನಾನೇ ಹಚ್ತೀನಿ” ಎಂದು ಅತ್ತೆ ಕೈ ಚಾಚಿದರು. ಸೊಸೆ ಡಬ್ಬಿ ಕೊಡಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು, ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.