ಕಾಡುಪಾಪ

ಮುತ್ತಿ ಶಾಲೆ ಬಿಟ್ಟಳೆಂದು ಗೊತ್ತಾದಾಗಿನಿಂದ ಮೇಷ್ಟ್ರಿಗೆ ನೆಮ್ಮದಿಯಿರಲಿಲ್ಲ. ಒಂಬತ್ತನೇ ತರಗತಿಯಲ್ಲಿ ಕಾಡಂಚಿನ ಹಾಡಿಯಿಂದ ಬರುತ್ತಿದ್ದವಳು ಅವಳೊಬ್ಬಳೇ. ಭಾನುವಾರ ಬೈಕು ಹತ್ತಿ ಅವಳ ಗುಡಿಸಲಿಗೇ ಹೋದರು.

ಹುಡುಗಿ ಕಂಬ ಹಿಡಿದು ನಿಂತಳು, ತಲೆ ಎತ್ತಲಿಲ್ಲ.

“ಎಲ್ರೂ ಕಾಡುಪಾಪ ಅಂತ ರೇಗಿಸ್ತಾರಂತೆ ಸಾ,” ಎಂದಳು ತಾಯಿ. “ಊಟಕ್ಕೆ ಕೂತ್ರೂ ಅದೇ, ಬಸ್ಸಲ್ಲೂ ಅದೇ. ಆ ಪ್ರಾಣಿ ಥರ ಕಣ್ಣು ಅಗಲಿಸಿ ಅಣಕಿಸ್ತವಂತೆ.”

ಮೇಷ್ಟ್ರು ಕೂರಲಾರದೆ ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದರು.

“ಶುರು ಮಾಡಿದ್ದು ಯಾರು ಹೇಳವ್ವ ಮುತ್ತಿ. ನಾಳೆನೇ ಎಲ್ಲರ ಮುಂದೆ ಕ್ಷಮೆ ಕೇಳಿಸ್ತೀನಿ.”

“ಬ್ಯಾಡ ಸಾ.”

“ಹೆದರಬೇಡ. ಯಾರೇ ಆಗಿರ್ಲಿ, ಬಿಡಲ್ಲ.”

ಅವಳು ಮೊದಲ ಸಲ ಅವರ ಮುಖ ನೋಡಿದಳು.

“ನಾನು ಶಾಲೆಗೆ ಸೇರಿದ ದಿನ, ಹಾಜರಿ ಕೂಗುವಾಗ, ನಗ್ತಾ ಹಂಗೆ ಕರೆದಿದ್ದು ನೀವೇ ಸಾ.”