ಸೊಸೆಗೆ ಹೇಳಬಾರದ ಮಾತು

ವಿಶಾಖಾ ರಾಯಚೂರಿನ ಬಸ್ ನಿಲ್ದಾಣಕ್ಕೆ ಓಡಿ ಬರುವ ಹೊತ್ತಿಗೆ ಅವಳ ಮಾವ ಉರುಕುಂದಪ್ಪ ದೇವದುರ್ಗದ ಬಸ್ಸು ಹತ್ತಿ ಕಿಟಕಿ ಪಕ್ಕ ಕುಳಿತುಬಿಟ್ಟಿದ್ದ. ಅಂಗಿಯ ಒಳಮಗ್ಗುಲು ಹೊರಗಾಗಿತ್ತು. ಒಂದೇ ಕಾಲಿನಲ್ಲಿ ಚಪ್ಪಲಿ. ಅವನನ್ನು ನೋಡಿ ಅವಳಿಗೆ ಫೋನ್ ಮಾಡಿದ್ದ ಓಣಿಯ ಆಟೊ ಡ್ರೈವರ್ ಮಹಮ್ಮದ್ ಹುಸೇನ್ ಬಾಗಿಲಲ್ಲೇ ನಿಂತು, ಬಸ್ಸು ಹೊರಡದಂತೆ ಕಂಡಕ್ಟರನನ್ನು ಮಾತಿಗೆಳೆದಿದ್ದ.

ಉರುಕುಂದಪ್ಪ ದೇವದುರ್ಗದ ಕಡೆಯ ಗೂಗಲ್ ಎಂಬ ಹಳ್ಳಿಯ ಶಾಲೆಯಲ್ಲಿ ಜವಾನನಾಗಿದ್ದು ನಿವೃತ್ತನಾಗಿ ಎಷ್ಟೋ ವರ್ಷಗಳಾಗಿದ್ದವು. ಈಗ, ಗಂಟೆ ಹೊಡೆಯಲು ತಡವಾಯಿತೆಂದು ಚಡಪಡಿಸುತ್ತಿದ್ದ. ವಿಶಾಖಾ ಪಕ್ಕದಲ್ಲಿ ಕುಳಿತು ಅವನ ಕೈ ಹಿಡಿದಳು. ಅದು ಹಕ್ಕಿಯ ರೆಕ್ಕೆಯ ಹಾಗೆ ಬಡಿದುಕೊಳ್ಳುತ್ತಿತ್ತು. ಅದು ಕಾಯಿಲೆಯ ಗುರುತೆಂದು ಅವಳಿಗೆ ಗೊತ್ತಿತ್ತು.

ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಮಾವನ ಲಿವರು ಕೆಟ್ಟಿದೆ, ಅದು ಸೋಸದೆ ಬಿಟ್ಟ ಹೊಟ್ಟೆಯ ವಿಷ ತಲೆಗೇರಿದರೆ ಮನುಷ್ಯ ತನ್ನವರನ್ನೇ ಮರೆಯುತ್ತಾನೆ ಎಂದಿದ್ದರು. ಅದಕ್ಕೆಂದೇ ಎರಡು ಔಷಧಿ: ವಿಷ ಹುಟ್ಟಿಸುವ ಕರುಳಿನ ಸೂಕ್ಷ್ಮಾಣುಗಳನ್ನು ಅಡಗಿಸಲು ಆ್ಯಂಟಿಬಯೊಟಿಕ್ ಮಾತ್ರೆ, ಉಳಿದ ವಿಷ ಹೊರಗೆ ಹೋಗಲು ಭೇದಿಯ ಸಿಹಿ ಸಿರಪ್ಪು. ಒಂದನ್ನು ಬಿಟ್ಟು ಇನ್ನೊಂದು ಸಾಲದು, ದಿನಕ್ಕೆ ಎರಡು ಮೂರು ಸಲ ಹೊಟ್ಟೆ ಸಡಿಲಾಗಲೇಬೇಕು. ಮಾತ್ರೆಯನ್ನು ವಿಶಾಖಾ ತಾನೇ ಕೈಗಿಡುತ್ತಿದ್ದಳು. ಸಿರಪ್ಪನ್ನು ಮಾತ್ರ ಮಾವ ಆಮೇಲೆ ಕುಡಿಯುತ್ತೇನೆಂದು ಕೋಣೆಗೆ ಒಯ್ಯುತ್ತಿದ್ದ.

“ಸಿಹಿ ಔಷಧಿ ಕುಡದೀರೇನ್ರಿ?” ಎಂದು ಮೆಲ್ಲಗೆ ಕೇಳಿದಳು.

ಉರುಕುಂದಪ್ಪ ಅತ್ತಿತ್ತ ನೋಡಿ ಅವಳ ಕಿವಿಯತ್ತ ಬಾಗಿದ. “ಯಾರಿಗೂ ಹೇಳಬ್ಯಾಡ ಯವ್ವಾ. ಮೋರಿಗೆ ಚೆಲ್ಲತೀನಿ. ಅದು ಕುಡದ್ರ ಮ್ಯಾಲಿಂದ ಮ್ಯಾಲೆ ಸಂಡಾಸಕ್ಕ ಓಡಬೇಕು. ಅಡಗಿಮನಿ ಬಾಜೂಕ ಸಂಡಾಸ ಅದ. ನಮ್ಮ ಸೊಸಿ ಕಾಲೇಜಿನಾಗ ಪಾಠ ಹೇಳಾಕಿ, ದಣದು ಬಂದು ರೊಟ್ಟಿ ಬಡೀತಿರತಾಳ. ಆಕಿ ಮುಂದ ಹೆಂಗ ಹೋಗಿ ಬರ್ಲಿ? ಆಕಿಗೆ ಹೇಸಿಗಿ ಆಗಬಾರದು.”

ವಿಶಾಖಾ ಔಷಧಿ ಆಯಿತಾ ಎಂದು ದಿನವೂ ಕೇಳಿದ್ದಳೇ ಹೊರತು, ಹೊಟ್ಟೆಯ ಮಾತೆತ್ತಲು ಅವಳಿಗೂ ನಾಚಿಕೆಯಾಗಿತ್ತು.

“ನಿಮ್ಮ ಸೊಸಿಗೆ ಹೇಸಿಗಿ ಆಗೂದಿಲ್ಲರಿ,” ಎಂದಳು. “ನೀವು ಆಕಿನ್ನ ಮರತರ ಆಕಿ ತಡಕೊಳ್ಳೂದಿಲ್ಲ.”

ಅವನು ಅವಳ ಮುಖವನ್ನೇ ನೋಡಿದ. ಗುರುತು ಹತ್ತಲಿಲ್ಲ. ಇವತ್ತು ಶಾಲೆಗೆ ಸೂಟಿ ಎಂದು ವಿಶಾಖಾ ಹೇಳಿದಾಗ ಮಾತ್ರ ಹಗುರಾಗಿ, ಮಗುವಿನ ಹಾಗೆ ಅವಳ ಕೈ ಹಿಡಿದು ಇಳಿದ. ಹುಸೇನನ ಆಟೊ ನೆಟ್ಟಗೆ ಆಸ್ಪತ್ರೆಗೆ ಹೋಯಿತು.

ಅಲ್ಲಿ ಎನಿಮಾ ಕೊಟ್ಟು ಹೊಟ್ಟೆ ತೊಳೆದರು, ಎರಡೂ ಔಷಧಿಗಳನ್ನು ಮತ್ತೆ ಶುರು ಮಾಡಿದರು. ಮರುದಿನ ಮಧ್ಯಾಹ್ನ ಉರುಕುಂದಪ್ಪ ಕಣ್ಣು ತೆರೆದು, ಕಾಲೇಜಿಗೆ ಹೋಗಲಿಲ್ಲವೇನವ್ವ ವಿಶಾಖಾ ಎಂದು ಕೇಳಿದ. ಅಷ್ಟು ಹೊತ್ತು ಗಟ್ಟಿಯಾಗಿದ್ದ ಅವಳು ಹಾಸಿಗೆಯ ಅಂಚಿಗೆ ಹಣೆ ಹಚ್ಚಿ ಅತ್ತುಬಿಟ್ಟಳು.

ಮನೆಗೆ ಬಂದ ದಿನ ಸಿರಪ್ಪು ತಾನೇ ಹಾಕಿಕೊಟ್ಟು, ಕುಡಿದು ಮುಗಿಸುವತನಕ ಎದುರಿಗೆ ಕುಳಿತಳು. “ನಾನೂ ಕೇಳಾಕ ನಾಚಿಕೊಂಡಿದ್ದೆ, ಮಾವಾ. ಇನ್ನ ಮ್ಯಾಲೆ ಕೇಳತೀನಿ. ನೀವು ಹೇಳಬೇಕು.” ಅವನು ನೆಲ ನೋಡುತ್ತ ಹೂಂ ಎಂದ. ಆದರೆ ಆ ದಿನ ಕೇಳಿದ್ದಕ್ಕೂ ಮರುದಿನ ಕೇಳಿದ್ದಕ್ಕೂ ಬಾಯಿ ಬಿಡಲಿಲ್ಲ. ಮಗ ಶೇಖರನ ಕಿವಿಯಲ್ಲಿ ಹೇಳಿ, ಅವನ ಬಾಯಿಂದ ಹೇಳಿಸಿದ.

ಭಾನುವಾರ ಶೇಖರ ಊರಿನಲ್ಲಿರಲಿಲ್ಲ. ಮಾವನನ್ನು ಮಾತಾಡಿಸಲೆಂದು ವಿಶಾಖಾಳ ಕಾಲೇಜಿನ ಇಬ್ಬರು ಬಂದು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು. ಉರುಕುಂದಪ್ಪ ಕೈಕಾಲು ತೊಳೆದು, ಟವೆಲಿನಿಂದ ಒರೆಸಿಕೊಳ್ಳುತ್ತ ಒಳಗಿನಿಂದ ಬಂದ. ಬಂದವರನ್ನು ಕಂಡು ಹೊಸ್ತಿಲಲ್ಲೇ ನಿಂತ. ಹಿಂದಕ್ಕೆ ಹೋಗಲೋ ಎಂಬಂತೆ ಒಂದು ಗಳಿಗೆ ತಡವರಿಸಿ, ಸೊಸೆಯ ಕಡೆ ನೋಡಿದ.

“ಯವ್ವಾ, ಇವತ್ತಿಂದು ಎರಡನೇದು ಆತು,” ಎಂದ, ಗಟ್ಟಿಯಾಗಿಯೇ.

ಬಂದವರು ಮುಖ ಮುಖ ನೋಡಿಕೊಂಡರು. ವಿಶಾಖಾ ಮಾತ್ರ, ಮಗ ಪರೀಕ್ಷೆ ಪಾಸಾದ ಸುದ್ದಿ ಕೇಳಿದವಳ ಹಾಗೆ, ಚಹಾದ ಕಪ್ಪು ಹಿಡಿದುಕೊಂಡೇ ಎದ್ದು ನಿಂತಿದ್ದಳು.