ಕಳೆಯಿದ್ದ ಮನೆ

ವಿಚ್ಛೇದನವಾಗಿ ಮೂರು ವರ್ಷ ಕಳೆದರೂ ಮೈಥಿಲಿ, ಸೋಮಶೇಖರ ಇಬ್ಬರೂ ಇಂಗ್ಲೆಂಡಿನ ಲೀಡ್ಸ್ ಊರಿನ ಅದೇ ಮನೆಯಲ್ಲಿದ್ದರು. ಹಿತ್ತಲಲ್ಲಿ, ಗೋಡೆಯ ಬಿರುಕಿಗೂ ನುಗ್ಗಿ ಬೆಳೆಯುವ ಜಪಾನಿ ನಾಟ್‌ವೀಡ್ ಎಂಬ ಕಳೆ ಹಬ್ಬಿತ್ತು. ಅದಿರುವ ಮನೆ ಕೊಳ್ಳಲು ಬ್ಯಾಂಕುಗಳು ಸಾಲ ಕೊಡುತ್ತಿರಲಿಲ್ಲ. ಈ ಮನೆ ಮಾರಾಟವಾಗದೆ ಇಬ್ಬರಿಗೂ ಬೇರೆ ಹೋಗುವ ದಾರಿಯಿರಲಿಲ್ಲ.

ಕಳೆಗೆ ಔಷಧಿ ಹೊಡೆಯುತ್ತಿದ್ದವನು ಆ ಸಂಜೆ ನೆಲವನ್ನೆಲ್ಲ ಕೆದಕಿ ನೋಡಿ, ಪೂರ್ತಿ ಸತ್ತಿದೆ ಎಂದ. ಬರುವ ತಿಂಗಳು ಇನ್ನೊಮ್ಮೆ ನೋಡಿ ಪ್ರಮಾಣಪತ್ರ ಕೊಡುವುದಾಗಿ ಹೇಳಿ ಹೋದ.

"ಅಂತೂ ಮುಗೀತು," ಎಂದಳು ಮೈಥಿಲಿ.

"ಎಲ್ಲಿಗೆ ಹೋಗ್ತೀಯಾ?"

"ಎಲ್ಲಿಗಾದ್ರೂ. ಇಲ್ಲಿ ಉಸಿರು ಕಟ್ಟುತ್ತೆ."

"ನಂಗೂ ಅಷ್ಟೇ," ಎಂದ ಸೋಮಶೇಖರ.

ಅವಳು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿಯೇ ಮಲಗಿದಳು.

ಬೆಳಿಗ್ಗೆ ಕಿಟಕಿಯ ಪರದೆ ಸರಿಸಿದಾಗ, ಸೋಮಶೇಖರ ಹಿತ್ತಲಲ್ಲಿ ಮಂಡಿಯೂರಿ, ಎಲ್ಲಿಂದಲೋ ಕಿತ್ತು ತಂದ ನಾಟ್‌ವೀಡ್ ಬೇರುಗಳನ್ನು ಒಂದೊಂದಾಗಿ ನೆಡುತ್ತಿದ್ದ.